ಜಿಮ್‌ಗೆ ಮುಂಚೆ ಡಬ್ಬದ ಪುಡಿಯೋ, ಕಾಫಿಯೋ, ಬೀಟ್‌ರೂಟೋ? ಬ್ಲಡ್ ರಿಪೋರ್ಟ್ ಎದುರಿಟ್ಟುಕೊಂಡು ಒಂದು ಹೋಲಿಕೆ

ತುಮಕೂರಿನಲ್ಲಿ ಈಗ ಬಡಾವಣೆಗೊಂದು ಜಿಮ್ ಇದೆ. ಕೌಂಟರ್ ಹಿಂದಿನ ಕಪಾಟಿನಲ್ಲಿ ದೊಡ್ಡ ಪ್ರೋಟೀನ್ ಡಬ್ಬಗಳ ಪಕ್ಕ ಒಂದು ಗಿಡ್ಡ ಡಬ್ಬ ಇರುತ್ತದೆ. ಮೇಲೆ ಮಿಂಚು, ತಲೆಬುರುಡೆ, ಸಿಟ್ಟಿನ ಹುಲಿ, ಇಂಥದ್ದೇನೋ ಒಂದು ಚಿತ್ರ. ಅದೇ ಪ್ರಿ-ವರ್ಕೌಟ್. ಕಸರತ್ತಿಗೆ ಅರ್ಧ ಗಂಟೆ ಮುಂಚೆ ಒಂದು ಸ್ಕೂಪ್ ನೀರಿಗೆ ಹಾಕಿ ಕುಡಿಯುವ ಪುಡಿ. ಕುಡಿದರೆ ಮುಖ ಜುಮ್ಮೆನ್ನುತ್ತದೆ, ಹುರುಪು ಬರುತ್ತದೆ, ಇನ್ನೂ ಎರಡು ಸೆಟ್ ಹೊಡೆದುಬಿಡೋಣ ಅನ್ನಿಸುತ್ತದೆ.

ನಾನು ಬಿ.ಎಚ್. ರಸ್ತೆ ಹತ್ತಿರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೇನೆ. ಸಂಜೆ ನಾನೂ ಜಿಮ್‌ಗೆ ಹೋಗುತ್ತೇನೆ. ಹಾಗಾಗಿ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತದೆ. ಜಿಮ್‌ನಲ್ಲಿ ಹುಡುಗರು ಕೇಳೋದು "ಯಾವ ಡಬ್ಬ ಜಾಸ್ತಿ ಕಿಕ್ ಕೊಡುತ್ತೆ?" ಅಂತ. ಅದೇ ಹುಡುಗರು ಲ್ಯಾಬಿಗೆ ಬಂದಾಗ ಕೇಳೋದು "ಅಣ್ಣ, ಕ್ರಿಯಾಟಿನಿನ್ ದಪ್ಪ ಅಕ್ಷರದಲ್ಲಿ ಬಂದಿದೆ, ಕಿಡ್ನಿ ಹೋಯ್ತಾ?" ಅಂತ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಗೆ ಹಾಕುವ ಒಂದು ವಸ್ತು, ಅದರ ಅಂಕಿ ಮಿತಿ ದಾಟಿದರೆ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ. ನಾನು ಡಾಕ್ಟರ್ ಅಲ್ಲ, ರಿಪೋರ್ಟ್ ನೋಡಿ ಕಾಯಿಲೆ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಯಾವುದನ್ನು ಕುಡಿದರೆ ಯಾವ ಅಂಕಿ ಅಲುಗಾಡುತ್ತದೆ ಅನ್ನುವುದು ತಿಳಿದಿದ್ದರೆ ಅರ್ಧ ಗಾಬರಿ ಕಮ್ಮಿಯಾಗುತ್ತದೆ.

ಈ ಹೋಲಿಕೆಗೆ ನನ್ನ ಅಳತೆಗೋಲು ಒಂದೇ. ಕಿಕ್ ಎಷ್ಟು ಅನ್ನುವುದಲ್ಲ. ನಾಳೆ ರಿಪೋರ್ಟಿನಲ್ಲಿ ಒಂದು ಅಂಕಿ ಏರುಪೇರಾದರೆ, ಇದಕ್ಕೆ ಕಾರಣ ಇದು ಅಂತ ಬೆರಳಿಟ್ಟು ತೋರಿಸಲು ಆಗುತ್ತದಾ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಡಬ್ಬ ಹಿಂದೆ ಬೀಳುತ್ತದೆ. ಯಾಕೆ ಅಂತ ನೋಡೋಣ.

ಡಬ್ಬದೊಳಗೆ ಏನಿದೆ

ಡಬ್ಬ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಸಾಮಾನ್ಯವಾಗಿ ಸಿಗುವುದು ಇಷ್ಟು: ಕೆಫೀನ್, ಬೀಟಾ-ಅಲನಿನ್, ಸಿಟ್ರುಲಿನ್, ಒಂದಿಷ್ಟು ಕ್ರಿಯಾಟಿನ್, ಟಾರಿನ್, ಟೈರೊಸಿನ್, ಬಿ ಗುಂಪಿನ ವಿಟಮಿನ್‌ಗಳು, ಸಿಹಿಗೆ ಸುಕ್ರಲೋಸ್, ಬಣ್ಣ. ಕೆಲವು ಡಬ್ಬಗಳಲ್ಲಿ ಒಂದೊಂದರ ಪ್ರಮಾಣವನ್ನೂ ಬರೆದಿರುತ್ತಾರೆ. ಇನ್ನು ಕೆಲವುದರಲ್ಲಿ "ಎನರ್ಜಿ ಬ್ಲೆಂಡ್", "ಪಂಪ್ ಮ್ಯಾಟ್ರಿಕ್ಸ್" ಅಂತ ದೊಡ್ಡ ಹೆಸರು ಕೊಟ್ಟು, ಏಳೆಂಟು ವಸ್ತುಗಳನ್ನು ಒಟ್ಟಿಗೆ ಸೇರಿಸಿ, ಒಟ್ಟು ತೂಕ ಮಾತ್ರ ಹಾಕಿರುತ್ತಾರೆ. ಕೆಫೀನ್ 100 ಮಿಲಿಗ್ರಾಂ ಇದೆಯೋ 350 ಇದೆಯೋ ನಮಗೆ ತಿಳಿಯುವುದಿಲ್ಲ. ಅಂಥದ್ದನ್ನು ಕಪಾಟಿನಲ್ಲೇ ಬಿಟ್ಟುಬಿಡಿ, ಎಷ್ಟೇ ಆಫರ್ ಇರಲಿ.

2019ರಲ್ಲಿ ಅಮೆರಿಕದ ಸಂಶೋಧಕರು ಮಾರುಕಟ್ಟೆಯಲ್ಲಿ ಜಾಸ್ತಿ ಓಡುವ 100 ಪ್ರಿ-ವರ್ಕೌಟ್‌ಗಳ ಲೇಬಲ್ ಕೂತು ಲೆಕ್ಕ ಹಾಕಿದರು. ಒಂದು ಸರ್ವಿಂಗ್‌ನಲ್ಲಿ ಕೆಫೀನ್ ಸರಾಸರಿ 254 ಮಿಲಿಗ್ರಾಂ. ಬೀಟಾ-ಅಲನಿನ್ ಸುಮಾರು 2 ಗ್ರಾಂ, ಸಿಟ್ರುಲಿನ್ 4 ಗ್ರಾಂ, ಕ್ರಿಯಾಟಿನ್ 2 ಗ್ರಾಂ. ಇಲ್ಲಿ ಒಂದು ತಮಾಷೆ ಇದೆ ನೋಡಿ. ಬೀಟಾ-ಅಲನಿನ್ ಕೆಲಸ ಮಾಡಬೇಕಾದರೆ ದಿನಕ್ಕೆ 3.2ರಿಂದ 6.4 ಗ್ರಾಂ, ಅದೂ ಕನಿಷ್ಠ ನಾಲ್ಕು ವಾರ ಬೇಕು. ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ. ಸಿಟ್ರುಲಿನ್ ಮ್ಯಾಲೇಟ್ (ಸಿಟ್ರುಲಿನ್ ಜೊತೆ ಮ್ಯಾಲಿಕ್ ಆಮ್ಲ ಸೇರಿದ ರೂಪ) ಅಧ್ಯಯನಗಳಲ್ಲಿ ಕೊಡುವುದು 6ರಿಂದ 8 ಗ್ರಾಂ. ಅಂದರೆ ಹೆಚ್ಚಿನವು ಅರೆಬರೆ, ಪೂರ್ತಿ ಪ್ರಮಾಣದಲ್ಲಿ ಖಂಡಿತ ಇರುವುದು ಕೆಫೀನ್. ನೀವು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ಕಿಕ್ ಬಹುಪಾಲು ಕಾಫಿಯದ್ದೇ.

ಮತ್ತೆ ಆ ಜುಮ್ಮೆನ್ನುವುದು? ಅದು ಬೀಟಾ-ಅಲನಿನ್ ಕೆಲಸ. ಒಂದೇ ಸಲಕ್ಕೆ 800 ಮಿಲಿಗ್ರಾಂ ದಾಟಿದರೆ ಕಿವಿ, ಕುತ್ತಿಗೆ, ಕೈ ಮೇಲೆ ಇರುವೆ ಹರಿದಾಡಿದ ಹಾಗೆ ಆಗುತ್ತದೆ. ಒಂದರಿಂದ ಒಂದೂವರೆ ಗಂಟೆಯೊಳಗೆ ಹೋಗುತ್ತದೆ, ಅಪಾಯ ಇಲ್ಲ, ರಕ್ತದ ರಿಪೋರ್ಟಿನಲ್ಲೂ ಏನೂ ಕಾಣುವುದಿಲ್ಲ. ಆದರೆ ಹುಡುಗರು ಅದನ್ನೇ "ಪುಡಿ ಹಿಡೀತು" ಅಂದುಕೊಳ್ಳುತ್ತಾರೆ. ತುರಿಕೆ ಬಂತು ಅಂತ ಶಕ್ತಿ ಬಂದಿದೆ ಅಂತೇನಿಲ್ಲ. ಕೆಲವು ಪುಡಿಗಳಲ್ಲಿ ಬಿ ಗುಂಪಿನ ವಿಟಮಿನ್ ಆದ ನಯಾಸಿನ್ ಕೂಡ ಇರುತ್ತದೆ, ಅದಕ್ಕೆ ಮುಖ ಕೆಂಪಾಗಿ ಬಿಸಿಯಾಗುತ್ತದೆ.

ಹಾಗಾದರೆ ಡಬ್ಬ ಕುಡಿದವರ ರಕ್ತದಲ್ಲಿ ಏನಾಗುತ್ತದೆ? ಇದರ ಮೇಲೆ ಅಧ್ಯಯನಗಳು ಆಗಿವೆ. ಆರೋಗ್ಯವಾಗಿರುವ ಹರೆಯದವರಿಗೆ ಕೆಲವು ವಾರ ದಿನಕ್ಕೊಂದು ಸರ್ವಿಂಗ್ ಕೊಟ್ಟು ಲಿವರ್, ಕಿಡ್ನಿ, ಕೊಬ್ಬು, ರಕ್ತಕಣ ಎಲ್ಲ ನೋಡಿದ್ದಾರೆ. ಹೆಚ್ಚಿನವುಗಳಲ್ಲಿ ಅಂಕಿಗಳು ಮಾಮೂಲಿ ಮಿತಿಯ ಒಳಗೇ ಉಳಿದಿವೆ. ಇದು ಸಮಾಧಾನದ ಮಾತೇ. ಆದರೆ ಆ ಜನ ಯಾರು ಅಂತಲೂ ನೋಡಬೇಕು. ಬಿಪಿ ಇಲ್ಲ, ಶುಗರ್ ಇಲ್ಲ, ಬೇರೆ ಮಾತ್ರೆ ಇಲ್ಲ, ಹೇಳಿದಷ್ಟೇ ಕುಡಿಯುವವರು. ನಮ್ಮಲ್ಲಿ ಒಂದು ಸ್ಕೂಪ್ ಅಂದರೆ ಒಂದೂವರೆ ಹಾಕುವವರು, ಜೊತೆಗೆ ಎನರ್ಜಿ ಡ್ರಿಂಕ್ ಕುಡಿಯುವವರು, ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಇದ್ದು ತಾವು ಒಮ್ಮೆಯೂ ಚೆಕ್ ಮಾಡಿಸದವರು ಜಾಸ್ತಿ. ಅಧ್ಯಯನಗಳು ಕೆಲವು ವಾರದವು, ಇವರು ಕುಡಿಯುವುದು ವರ್ಷಗಟ್ಟಲೆ.

ಲೇಬಲ್‌ನಲ್ಲಿ ಇಲ್ಲದ್ದು ಒಳಗಿದ್ದರೆ ಕಥೆಯೇ ಬೇರೆ. ಡಿಎಂಎಎ ಅನ್ನುವ ಉತ್ತೇಜಕ ಒಂದು ಕಾಲಕ್ಕೆ ಪ್ರಿ-ವರ್ಕೌಟ್‌ಗಳಲ್ಲಿ ಮಾಮೂಲಿಯಾಗಿತ್ತು. ಬಿಪಿ ಏರಿಸುತ್ತದೆ, ಹೃದಯಕ್ಕೆ ಅಪಾಯ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದರ ಮೇಲೆ ಕ್ರಮ ತೆಗೆದುಕೊಂಡಿತು. ಅದರ ಇನ್ನೊಂದು ಹೆಸರು ಮಿಥೈಲ್‌ಹೆಕ್ಸಾನಮೀನ್. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸ್ವಲ್ಪ ಮುಂಚೆ ನಮ್ಮ ದೇಶದ ಹಲವು ಕ್ರೀಡಾಪಟುಗಳು ಸಿಕ್ಕಿಬಿದ್ದಿದ್ದು ಇದೇ ವಸ್ತುವಿನಿಂದ. ರಾಜ್ಯ ಮಟ್ಟದಲ್ಲಿ ಆಡುವವರು, ಆಡಬೇಕು ಅಂತ ಇರುವವರು ಇದನ್ನು ನೆನಪಿಡಿ. ಡೋಪಿಂಗ್ ನಿಯಮದಲ್ಲಿ "ಡಬ್ಬದಲ್ಲಿ ಇತ್ತು ಅಂತ ಗೊತ್ತಿರಲಿಲ್ಲ" ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೈಯೊಳಗೆ ಏನು ಸಿಕ್ಕಿತೋ ಅದಕ್ಕೆ ಆಟಗಾರನೇ ಹೊಣೆ.

"ಗಿಡಮೂಲಿಕೆ ಇದು, ಏನೂ ಆಗಲ್ಲ" ಅನ್ನುವವರಿಗೂ ಒಂದು ಮಾತು. 2013ರಲ್ಲಿ ಹವಾಯಿ ದ್ವೀಪದಲ್ಲಿ ಆಕ್ಸಿಎಲೀಟ್ ಪ್ರೊ ಅನ್ನುವ ಸಪ್ಲಿಮೆಂಟ್ ತಗೊಂಡ ಹಲವರ ಲಿವರ್ ಕೆಟ್ಟಿತು. ಕೆಲವರಿಗೆ ಲಿವರ್ ಕಸಿಯೇ ಮಾಡಬೇಕಾಯಿತು. ಅನುಮಾನ ಬಿದ್ದಿದ್ದು ಅದರಲ್ಲಿದ್ದ ಏಜೆಲಿನ್ ಮೇಲೆ. ಏಜೆಲಿನ್ ಯಾವ ಗಿಡದಲ್ಲಿ ಸಿಗುತ್ತದೆ ಗೊತ್ತಾ? ನಮ್ಮ ಬಿಲ್ವಪತ್ರೆ ಮರದಲ್ಲಿ. ಶಿವನ ಪೂಜೆಗೆ ಇಡುವ ಎಲೆಗೂ, ಅದರ ಒಂದೇ ಅಂಶವನ್ನು ಲ್ಯಾಬಿನಲ್ಲಿ ತಯಾರಿಸಿ ಮಾತ್ರೆಗೆ ತುಂಬುವುದಕ್ಕೂ ಅಜಗಜಾಂತರ ಇದೆ.

ಕೊಳ್ಳಲೇಬೇಕು ಅಂತಿದ್ದರೆ ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ. ವಿದೇಶದ್ದಾದರೆ ಆಮದು ಮಾಡಿದವರ ಹೆಸರು, ವಿಳಾಸ ಇರುವ ಸ್ಟಿಕ್ಕರ್ ನೋಡಿ. ಆದರೆ ಆ ನಂಬರ್ ಇದೆ ಅಂದರೆ ತಯಾರಕರಿಗೆ ಲೈಸೆನ್ಸ್ ಇದೆ ಅಂತ ಅಷ್ಟೇ ಅರ್ಥ. ನಿಮ್ಮ ಕೈಯಲ್ಲಿರುವ ಡಬ್ಬವನ್ನು ಯಾರೋ ಪರೀಕ್ಷೆ ಮಾಡಿದ್ದಾರೆ ಅಂತ ಅಲ್ಲ. ಬ್ಯಾಚ್ ಬ್ಯಾಚ್ ಪರೀಕ್ಷೆ ಆಗುವುದು ಇನ್ಫಾರ್ಮ್ಡ್ ಸ್ಪೋರ್ಟ್‌ನಂಥ ಮುದ್ರೆ ಇರುವವುಗಳಲ್ಲಿ, ಅಂಥವು ದುಬಾರಿ.

ಕಾಫಿ

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಒಂದೇ ಸಲಕ್ಕೆ 200 ಮಿಲಿಗ್ರಾಂವರೆಗೆ ಕೆಫೀನ್ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಕಸರತ್ತಿಗೆ ಪ್ರಯೋಜನ ಕಾಣಲು ಮೈತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ ಅನ್ನುತ್ತಾರೆ, 2 ಮಿಲಿಗ್ರಾಂಗೂ ಕೆಲವರಿಗೆ ಸಾಕಾಗುತ್ತದೆ. 65 ಕಿಲೋ ತೂಗುವ ಹುಡುಗನಿಗೆ 130 ಮಿಲಿಗ್ರಾಂನಿಂದ ಶುರು ಮಾಡಬಹುದು. ಅಪ್ಪಟ ಇನ್‌ಸ್ಟಂಟ್ ಕಾಫಿಪುಡಿ ಒಂದು ಚಮಚ, ಅಂದರೆ ಸುಮಾರು 2 ಗ್ರಾಂನಲ್ಲಿ 60 ಮಿಲಿಗ್ರಾಂ ಆಸುಪಾಸು ಕೆಫೀನ್ ಇರುತ್ತದೆ. ಎರಡು ಚಮಚ ತುಂಬ ಹಾಕಿ ಬಿಸಿನೀರಲ್ಲಿ ಕಲಸಿ ಕುಡಿದರೆ ಲೆಕ್ಕ ಸರಿಹೋಯಿತು. ರುಚಿ ಕಹಿಯೇ, ಅದಕ್ಕೆ ನಾನೇನೂ ಮಾಡಲಾರೆ.

ಇಲ್ಲಿ ನಮ್ಮ ಫಿಲ್ಟರ್ ಕಾಫಿಯ ವಿಷಯ ಬೇರೆ. ಪುಡಿ ಅಂಗಡಿಯಲ್ಲಿ 60:40 ಅಂತ ಕಲಸಿ ಕೊಟ್ಟರೆ ಆ 40 ಭಾಗ ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಕಂಡರೂ ಕಿಕ್ ಅಷ್ಟಿಲ್ಲ ಅಂತ ಅನ್ನಿಸುವುದು ಇದಕ್ಕೇ. ಇನ್ನೊಂದು, ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನುವ ವಸ್ತು ಇದೆ. ಅದು ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್ ಏರಿಸುತ್ತದೆ. ಪೇಪರ್ ಫಿಲ್ಟರ್‌ನಲ್ಲಿ ಅದು ಹೆಚ್ಚು ಕಮ್ಮಿ ಪೂರ್ತಿ ನಿಂತುಬಿಡುತ್ತದೆ. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ಕಾಗದ ಎಲ್ಲಿಂದ ಬರಬೇಕು? ಒಂದಿಷ್ಟು ಇಳಿದೇ ಇಳಿಯುತ್ತದೆ. ದಿನಕ್ಕೆ ಒಂದು ಲೋಟಕ್ಕೆ ಸುಮ್ನೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಎಲ್‌ಡಿಎಲ್ ಆಗಲೇ ಜಾಸ್ತಿ ಇದ್ದು, ದಿನಕ್ಕೆ ನಾಲ್ಕೈದು ಸಲ ಡಿಕಾಕ್ಷನ್ ಕುಡಿಯುವವರಾದರೆ ಜಿಮ್‌ಗೆ ಇನ್‌ಸ್ಟಂಟ್ ಹಿಡಿಯಿರಿ.

ಬಿಪಿ ಇರುವವರಿಗೆ ಕಾಫಿಯಾದರೂ ಒಂದೇ, ಡಬ್ಬವಾದರೂ ಒಂದೇ. 200ರಿಂದ 300 ಮಿಲಿಗ್ರಾಂ ಕೆಫೀನ್ ಬಿದ್ದರೆ ಮೇಲಿನ ಅಂಕಿ ಸರಾಸರಿ 8, ಕೆಳಗಿನದು 6ರಷ್ಟು ಏರಿ ಮೂರು ಗಂಟೆ ಹಾಗೇ ಇರುತ್ತದೆ. ಅದರ ಮೇಲೆ ಉಸಿರು ಬಿಗಿಹಿಡಿದು ಡೆಡ್‌ಲಿಫ್ಟ್ ಎತ್ತಿದರೆ ಇನ್ನೂ ಮೇಲೆ. ಶುಗರ್ ಇರುವವರಿಗೆ ಕೆಫೀನ್ ಸ್ವಲ್ಪ ಹೊತ್ತು ಇನ್ಸುಲಿನ್ ಕೆಲಸವನ್ನು ಕುಗ್ಗಿಸುತ್ತದೆ, ಗ್ಲುಕೋಮೀಟರ್‌ನಲ್ಲಿ ಅದು ಕಾಣಬಹುದು. ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರು ಅದರ ಬೆನ್ನಿಗೇ ಕಾಫಿ ಕುಡಿದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಂದು ಗಂಟೆಯಾದರೂ ಬಿಡಿ.

ನಿದ್ದೆಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳಕ್ಕೆ 250 ಮಿಲಿಗ್ರಾಂ ಸ್ಕೂಪ್ ಕುಡಿದರೆ ರಾತ್ರಿ ಹನ್ನೆರಡಕ್ಕೂ 125 ಮಿಲಿಗ್ರಾಂ ಮೈಯಲ್ಲೇ ಇರುತ್ತದೆ. ಬೆಂಗಳೂರಿಗೆ ಬೆಳಗಿನ ರೈಲು ಹಿಡಿಯುವವನು ಮಲಗುವುದು ಯಾವಾಗ? ನಿದ್ದೆಗೆಟ್ಟ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರಿಪೋರ್ಟಿನಲ್ಲಿ ಶುಗರ್ ಗಡಿಯಲ್ಲಿ ಕಂಡಾಗ ಅನ್ನದ ಮೇಲೆ ತಪ್ಪು ಹೊರಿಸುತ್ತಾರೆ, ಸಂಜೆಯ ಸ್ಕೂಪ್ ಲೆಕ್ಕಕ್ಕೇ ಬರುವುದಿಲ್ಲ. ಸಂಜೆ ಜಿಮ್ ಮಾಡುವವರಿಗೆ ನನ್ನ ಸಲಹೆ: ಕೆಫೀನ್ ಇಲ್ಲದೆ ಮಾಡಿ, ಇಲ್ಲ ಅಂದರೆ ಅರ್ಧ ಪ್ರಮಾಣಕ್ಕೆ ನಿಲ್ಲಿಸಿ.

ಕೆಫೀನ್ ಮಾತ್ರೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪ್ರಮಾಣ ಖಚಿತ, ಅದೊಂದು ಒಳ್ಳೆಯದು. 200 ಮಿಲಿಗ್ರಾಂ ಮಾತ್ರೆಯನ್ನು ಅರ್ಧ ಮಾಡಿ ನುಂಗಬಹುದು. ಆದರೆ ಬಿಡಿ ಕೆಫೀನ್ ಪುಡಿಯನ್ನು ಮಾತ್ರ ಮುಟ್ಟಬೇಡಿ. ಒಂದು ಟೀ ಚಮಚ ಅಪ್ಪಟ ಪುಡಿ ಸುಮಾರು 28 ಕಪ್ ಕಾಫಿಗೆ ಸಮ ಅಂತ ಎಫ್‌ಡಿಎ ಲೆಕ್ಕ. ಅಡುಗೆಮನೆ ಚಮಚದಲ್ಲಿ ಅಳೆದು ಸತ್ತವರಿದ್ದಾರೆ. ಒಣ ಪುಡಿಯನ್ನು ಬಾಯಿಗೆ ಸುರಿದುಕೊಂಡು ಮೇಲೆ ಒಂದು ಗುಟುಕು ನೀರು ಕುಡಿಯುವ ರೀಲ್ಸ್ ನೋಡಿರುತ್ತೀರಲ್ವಾ, ಅದೂ ಇದೇ ಸಾಲಿಗೆ ಸೇರಿದ ಹುಚ್ಚಾಟ.

ಕ್ರಿಯಾಟಿನ್, ಮತ್ತು ಆ ದಪ್ಪ ಅಕ್ಷರ

ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಅರ್ಧ ಇದರದ್ದೇ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಹುಡುಗ, ವಯಸ್ಸು 27. ಕಂಪನಿಯ ಹೆಲ್ತ್ ಚೆಕಪ್‌ಗೆ ರಕ್ತ ಕೊಟ್ಟ. ಕ್ರಿಯಾಟಿನಿನ್ 1.4 ಬಂತು. ಅದರ ಕೆಳಗಿನ ಸಾಲಿನಲ್ಲಿ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು, 70. ಗೂಗಲ್ ನೋಡಿದ, ಕಿಡ್ನಿ ಕಾಯಿಲೆಯ ಎರಡನೇ ಹಂತ ಅಂತ ಓದಿದ, ರಿಪೋರ್ಟ್ ಹಿಡಿದು ಓಡಿ ಬಂದ. ಜೊತೆಗೆ ಅವರಮ್ಮ. "ಆ ಪೌಡರ್ ಕುಡಿಬೇಡ ಅಂತ ಬಡ್ಕೊಂಡೆ, ಕೇಳಿದ್ನಾ ಇವ್ನು?" ಅಂತ ಅವರು ನನ್ನನ್ನೇ ಕೇಳಿದರು.

ಇದರ ಹಿಂದಿನ ಲೆಕ್ಕ ಹೀಗಿದೆ. ಕ್ರಿಯಾಟಿನ್ ಮಾಂಸಖಂಡದಲ್ಲಿ ಕೂಡಿಡುವ ವಸ್ತು. ಅದು ದಿನಾ ಸ್ವಲ್ಪ ಸ್ವಲ್ಪ ಒಡೆದು ಕ್ರಿಯಾಟಿನಿನ್ ಆಗುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಹೊರಗಿನಿಂದ ಕ್ರಿಯಾಟಿನ್ ತಿಂದರೆ ಒಡೆಯುವುದೂ ಜಾಸ್ತಿ, ಆಗ ರಕ್ತದಲ್ಲಿ ಅಂಕಿ ಏರುತ್ತದೆ. ಮಾಂಸಖಂಡ ದಪ್ಪ ಇರುವವರಿಗೂ ಏರುತ್ತದೆ. ಹಿಂದಿನ ರಾತ್ರಿ ಹೊಟ್ಟೆ ತುಂಬ ಮಟನ್ ತಿಂದು ಬಂದರೂ ಏರುತ್ತದೆ. ಇಜಿಎಫ್‌ಆರ್ ಅನ್ನುವುದು ಮೆಷಿನ್ ಅಳೆದದ್ದಲ್ಲ, ಕ್ರಿಯಾಟಿನಿನ್ ಅಂಕಿಗೆ ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ ಸೂತ್ರದಿಂದ ತೆಗೆದದ್ದು. ಮೇಲಿನದು ಏರಿದರೆ ಕೆಳಗಿನದು ತಾನಾಗಿ ಇಳಿಯುತ್ತದೆ. ಕಿಡ್ನಿ ಸೋಸುವುದು ಕಮ್ಮಿಯಾಗಿದೆಯೋ, ಸೋಸಬೇಕಾದ ಸರಕೇ ಜಾಸ್ತಿಯಾಗಿದೆಯೋ ಅಂತ ಆ ಒಂದು ಅಂಕಿ ಹೇಳುವುದಿಲ್ಲ.

ಅದನ್ನು ಹೇಳುವ ಪರೀಕ್ಷೆ ಬೇರೆ ಇದೆ, ಹೆಸರು ಸಿಸ್ಟಾಟಿನ್ ಸಿ. ಕ್ರಿಯಾಟಿನ್ ತಿಂದರೆ ಅದು ಅಲುಗಾಡುವುದಿಲ್ಲ. ಅದರ ಜೊತೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ನೋಡುತ್ತಾರೆ. ಈ ಹುಡುಗನಿಗೆ ಡಾಕ್ಟರ್ ಎರಡನ್ನೂ ಬರೆದುಕೊಟ್ಟರು, ಎರಡೂ ಸರಿಯಾಗಿದ್ದವು. ಅವರಮ್ಮನಿಗೆ ಪೂರ್ತಿ ಸಮಾಧಾನ ಆಗಲಿಲ್ಲ ಅನ್ನಿ.

ಕಿಡ್ನಿ ಚೆನ್ನಾಗಿರುವವರು ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ತಗೊಂಡರೆ ಕಿಡ್ನಿ ಕೆಡುತ್ತದೆ ಅನ್ನಲು ಇಷ್ಟು ವರ್ಷಗಳ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಸಪ್ಲಿಮೆಂಟ್‌ಗಳಲ್ಲಿ ಇಷ್ಟೊಂದು ಪರೀಕ್ಷೆಗೆ ಒಳಗಾದದ್ದು ಕಮ್ಮಿ. ಕಿಡ್ನಿ ತೊಂದರೆ ಮೊದಲೇ ಇರುವವರು, ಒಂದೇ ಕಿಡ್ನಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಶುರುವಿನಲ್ಲಿ ಒಂದೆರಡು ಕಿಲೋ ತೂಕ ಏರುತ್ತದೆ, ಅದು ಮಾಂಸಖಂಡದೊಳಗೆ ಸೇರುವ ನೀರು. ಜಿಮ್‌ಗೆ ಮುಂಚೆಯೇ ಕುಡಿಯಬೇಕು ಅಂತಲೂ ಇಲ್ಲ. ಊಟದ ಜೊತೆ ತಗೊಂಡರೂ ನಡೆಯುತ್ತದೆ, ದಿನಾ ತಪ್ಪದೆ ತಗೊಳ್ಳುವುದು ಮುಖ್ಯ. ಹಾಗೆ ನೋಡಿದರೆ ಇದನ್ನು ಪ್ರಿ-ವರ್ಕೌಟ್ ಅಂತ ಕರೆಯುವುದೇ ತಪ್ಪು.

ನನ್ನ ಅಳತೆಗೋಲಿಗೆ ಬರುತ್ತೇನೆ. ಕ್ರಿಯಾಟಿನ್ ಒಂದನ್ನೇ ತಿನ್ನುವವನಿಗೆ ಕ್ರಿಯಾಟಿನಿನ್ ಏರಿದರೆ ಕಾರಣ ಎದುರಿಗೇ ಇದೆ. ಡಾಕ್ಟರಿಗೆ ಒಂದು ಮಾತು ಹೇಳಿದರೆ ಮುಂದಿನ ಪರೀಕ್ಷೆ ಯಾವುದು ಅಂತ ಅವರಿಗೆ ತಿಳಿಯುತ್ತದೆ. ಹದಿನೈದು ವಸ್ತು ಕಲಸಿದ ಡಬ್ಬ ಕುಡಿಯುವವನಿಗೆ ಲಿವರ್ ಟೆಸ್ಟಿನ ಎಸ್‌ಜಿಪಿಟಿ, ಬಿಪಿ, ಕ್ರಿಯಾಟಿನಿನ್ ಮೂರೂ ಏರಿದರೆ ಯಾವುದರ ಮೇಲೆ ಬೆರಳಿಡುವುದು?

ಬೀಟ್‌ರೂಟ್

ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಸಿಗುವ ಮಾಮೂಲಿ ಬೀಟ್‌ರೂಟ್. ಅದರಲ್ಲಿ ನೈಟ್ರೇಟ್ ಇದೆ. ನಾಲಗೆ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ. ಡಬ್ಬದ ಸಿಟ್ರುಲಿನ್ ಇನ್ನೊಂದು ದಾರಿಯಲ್ಲಿ ಮಾಡಹೊರಟಿರುವುದೂ ಇದನ್ನೇ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2009ರಲ್ಲಿ ದಿನಕ್ಕೆ ಅರ್ಧ ಲೀಟರ್ ರಸ ಆರು ದಿನ ಕುಡಿಸಿ ನೋಡಿದಾಗ, ಅಷ್ಟೇ ಕೆಲಸಕ್ಕೆ ಆಮ್ಲಜನಕ ಕಮ್ಮಿ ಸಾಕಾಯಿತು, ಸುಸ್ತಾಗುವುದು ತಡವಾಯಿತು. ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಪೊಲೀಸ್, ಸೇನೆ ನೇಮಕಾತಿಗೆ ಅಂತ 1,600 ಮೀಟರ್ ಓಡುವ ಹುಡುಗರಿಗೆ ಹೇಳಿ ಮಾಡಿಸಿದ್ದು ಇದು. ಬೈಸೆಪ್ಸ್ ಸೆಟ್‌ಗೆ ಅಷ್ಟೇನೂ ಪ್ರಯೋಜನ ಇಲ್ಲ.

ಓಟಕ್ಕೆ ಎರಡು ಮೂರು ಗಂಟೆ ಮುಂಚೆ ಕುಡಿಯಬೇಕು. ಕುಡಿದ ಮೇಲೆ ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ರಸ ದಂಡ. ಬಿಪಿ ಸ್ವಲ್ಪ ಇಳಿಯುತ್ತದೆ, ಬಿಪಿ ಮಾತ್ರೆ ತಿನ್ನುವವರು ತಲೆಸುತ್ತು ಬರುತ್ತದಾ ಅಂತ ಗಮನಿಸಬೇಕು. ಆಕ್ಸಲೇಟ್ ಜಾಸ್ತಿ ಇರುವುದರಿಂದ ಕಿಡ್ನಿಯಲ್ಲಿ ಕಲ್ಲು ಬಂದು ಹೋದವರಿಗೆ ದಿನಾ ಅರ್ಧ ಲೀಟರ್ ಬೇಡ. ಕೆಲವರಿಗೆ ಮೂತ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಆದರೆ ಭಾರಿ ಕಸರತ್ತಿನ ಮಾರನೇ ದಿನ ಮೈಕೈ ಊದಿಕೊಂಡು, ವಿಪರೀತ ನೋವಿದ್ದು, ಮೂತ್ರ ಕೋಲಾ ಅಥವಾ ಕಪ್ಪು ಟೀ ಬಣ್ಣಕ್ಕೆ ಬಂದರೆ ಅದು ಬೀಟ್‌ರೂಟ್ ಅಲ್ಲ. ಮಾಂಸಖಂಡ ಒಡೆದು ಅದರ ಪ್ರೋಟೀನ್ ಕಿಡ್ನಿಗೆ ಬರುತ್ತಿದೆ. ಲ್ಯಾಬಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನು ಏನೂ ಪುಡಿ ಇಲ್ಲದೆ ಒಂದು ಗಂಟೆ ಮುಂಚೆ ಬಾಳೆಹಣ್ಣು, ರಾಗಿ ಗಂಜಿ, ಇಲ್ಲಾ ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ? ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜಿಮ್‌ಗೆ ಬಂದು ಸುಸ್ತು ಅನ್ನುವವರಲ್ಲಿ ಬಹಳ ಜನಕ್ಕೆ ಬೇಕಾಗಿರುವುದು ಇಷ್ಟೇ. ಮೇಲೆ ಹಾಕುವ ಬೆಣ್ಣೆ ಮಾತ್ರ ಆ ಹೊತ್ತಿಗೆ ಬೇಡ, ಹೊಟ್ಟೆ ಭಾರವಾಗುತ್ತದೆ.

ಪುಡಿಯದ್ದಲ್ಲದ ತಪ್ಪು

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ರಿಪೋರ್ಟ್ ಕೆಡಿಸುವುದರಲ್ಲಿ ಯಾವ ಡಬ್ಬಕ್ಕಿಂತಲೂ ಮುಂದಿರುವುದು ಕಸರತ್ತೇ. ಬೆಳಗ್ಗೆ ಏಳೂವರೆಗೆ ಒಬ್ಬ ಬರುತ್ತಾನೆ. ತೋಳಿನ ನರ ಹಗ್ಗದ ಹಾಗೆ ಎದ್ದಿರುತ್ತದೆ, ನನಗೆ ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟುವ ಕೆಲಸವೇ ಇಲ್ಲ. ಟೀ ಶರ್ಟ್ ಬೆವರಿಗೆ ಬೆನ್ನಿಗಂಟಿದೆ, ಕೈಯಲ್ಲಿ ಶೇಕರ್, ಶೇಕರ್ ತಳದಲ್ಲಿ ನೀಲಿ ಪುಡಿಯ ಗಸಿ. "ಫಾಸ್ಟಿಂಗಾ?" ಅಂದರೆ "ಹೂಂ ಅಣ್ಣ, ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ" ಅನ್ನುತ್ತಾನೆ. ತಿಂದಿಲ್ಲ, ನಿಜ. ಕುಡಿದಿದ್ದಾನಲ್ಲ! ಕಾಲಿನ ಕಸರತ್ತು ಮುಗಿಸಿ ನೇರ ಬಂದಿದ್ದಾನೆ.

ಎಸ್‌ಜಿಓಟಿ, ಎಸ್‌ಜಿಪಿಟಿ ಎರಡನ್ನೂ ನಾವು ಲಿವರ್ ಟೆಸ್ಟ್ ಅಂತ ಕರೆಯುತ್ತೇವೆ. ಆದರೆ ಇವೆರಡೂ ಮಾಂಸಖಂಡದಲ್ಲೂ ಇವೆ, ಎಸ್‌ಜಿಓಟಿ ಅಂತೂ ಧಾರಾಳವಾಗಿ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಭಾರ ಎತ್ತಿ ಅಭ್ಯಾಸವಿಲ್ಲದ 15 ಆರೋಗ್ಯವಂತ ಗಂಡಸರಿಂದ ಒಂದು ಗಂಟೆ ವೇಟ್ ಎತ್ತಿಸಿದರು. ಮಾಂಸಖಂಡ ನೊಂದಾಗ ರಕ್ತಕ್ಕೆ ಬರುವ ಸಿಪಿಕೆ, ಎಲ್‌ಡಿಎಚ್, ಜೊತೆಗೆ ಎಸ್‌ಜಿಓಟಿ, ಎಸ್‌ಜಿಪಿಟಿ ಎಲ್ಲ ಏರಿ, ಕನಿಷ್ಠ ಏಳು ದಿನ ಹಾಗೇ ಇದ್ದವು. ಲಿವರ್‌ಗೆ ಅಂತ ನೋಡುವ ಇತರ ಅಂಕಿಗಳಾದ ಜಿಜಿಟಿ, ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಮಾಮೂಲಿಯಾಗಿದ್ದವು. ಆದ್ದರಿಂದ ಎಸ್‌ಜಿಓಟಿ ಏರಿದೆ, ಸಿಪಿಕೆಯೂ ಏರಿದೆ, ಜಿಜಿಟಿ ಸರಿಯಿದೆ ಅಂದರೆ ಡಾಕ್ಟರ್ ಮೊದಲು ಕೇಳುವುದು "ಜಿಮ್‌ಗೆ ಹೋಗ್ತೀಯಾ?" ಅಂತ. ಸಿಪಿಕೆ ಸರಿಯಿದ್ದು ಎಸ್‌ಜಿಪಿಟಿ, ಜಿಜಿಟಿ ಏರಿದ್ದರೆ ಲಿವರ್ ಕಡೆ ನೋಡುತ್ತಾರೆ. ಆಗ ಡಬ್ಬವನ್ನೂ ತೋರಿಸಿ, ಕುಡಿತ ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಪಾತಾಳಕ್ಕೆ ಇಳಿದು, ರಕ್ತ ಗಟ್ಟಿಯಾಗಿ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿದ್ದರೆ ಬೇರೆಯೇ ಅನುಮಾನ ಬರುತ್ತದೆ. ಅದು ಕೆಫೀನ್ ಮಾಡುವ ಕೆಲಸವಲ್ಲ, ಸ್ಟೆರಾಯ್ಡ್ ಮಾಡುವ ಕೆಲಸ. ಬೇಕಂತಲೇ ತಗೊಂಡಿರಬಹುದು, ತಿಳಿಯದೆ ಪುಡಿಯಲ್ಲೋ ಮಾತ್ರೆಯಲ್ಲೋ ಬಂದಿರಬಹುದು.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುವ ಹುಡುಗರೂ ಈಗ ಬಹಳ. 5, 10 ಮಿಲಿಗ್ರಾಂ ಬಯೋಟಿನ್ ಮೈಯಲ್ಲಿದ್ದರೆ ಕೆಲವು ಮೆಷಿನ್‌ಗಳಲ್ಲಿ ಥೈರಾಯ್ಡ್‌ಗೆ ನೋಡುವ ಟಿಎಸ್‌ಎಚ್ ಸುಳ್ಳು ಸುಳ್ಳೇ ಕಮ್ಮಿ ತೋರಿಸುತ್ತದೆ, ಹೃದಯಾಘಾತಕ್ಕೆ ನೋಡುವ ಟ್ರೊಪೊನಿನ್ ಕೂಡ ತಪ್ಪು ಬರಬಹುದು. ರಕ್ತ ಕೊಡುವ ಮುಂಚೆಯೇ ಲ್ಯಾಬಿನವರಿಗೆ ಇದನ್ನು ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ, ಸಾಮಾನ್ಯವಾಗಿ ಎರಡು ಮೂರು ದಿನ.

ರಕ್ತ ಕೊಡುವ ಮುಂಚೆ ಆದರೆ ಒಂದು ವಾರ, ಆಗದಿದ್ದರೆ ಮೂರು ದಿನವಾದರೂ ಭಾರಿ ಕಸರತ್ತು ನಿಲ್ಲಿಸಿ. ಹಿಂದಿನ ರಾತ್ರಿ ಬಾಡೂಟ ಬೇಡ. ಬೆಳಗ್ಗೆ ನೀರು ಬಿಟ್ಟು ಬೇರೇನೂ ಕುಡಿಯಬೇಡಿ, ಸಕ್ಕರೆ ಇಲ್ಲದ ಕಾಫಿಯೂ ಬೇಡ. ಹೊಸ ಪುಡಿ ಶುರು ಮಾಡುವ ಮುಂಚೆ ಒಮ್ಮೆ, ಎರಡು ಮೂರು ತಿಂಗಳಾದ ಮೇಲೆ ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿದರೆ ಹೋಲಿಸಿ ನೋಡಲು ಏನಾದರೂ ಇರುತ್ತದೆ. ಕ್ರಿಯಾಟಿನಿನ್, ಲಿವರ್ ಟೆಸ್ಟ್ ಜೊತೆ ಜಿಜಿಟಿ, ಸಿಪಿಕೆ, ಖಾಲಿ ಹೊಟ್ಟೆ ಶುಗರ್, ಲಿಪಿಡ್, ಸಿಬಿಸಿ, ಇಷ್ಟು ಸಾಕು. ಬಿಪಿ ನೋಡಿಸುವುದನ್ನು ಮರೆಯುತ್ತಾರೆ. ಕೆಫೀನ್ ಮಾಡುವ ಎಡವಟ್ಟು ರಕ್ತಕ್ಕಿಂತ ಮೊದಲು ಅಲ್ಲೇ ಕಾಣುವುದು.

ಯಾರಿಗೆ ಯಾವುದು

ಬೆಳಗ್ಗೆ ಜಿಮ್ ಮಾಡುವ, ಕಾಯಿಲೆ ಕಸಾಲೆ ಇಲ್ಲದ ಹುಡುಗ ಹುಡುಗಿಯರಿಗೆ ಬಾಳೆಹಣ್ಣು ಮತ್ತು ಕಪ್ಪು ಕಾಫಿ. ಬಲ ಹೆಚ್ಚಿಸಿಕೊಳ್ಳಬೇಕು ಅಂತಿದ್ದರೆ ಅದಕ್ಕೆ ಬರೀ ಕ್ರಿಯಾಟಿನ್ ಸೇರಿಸಿ, ಸುವಾಸನೆ ಬಣ್ಣ ಇಲ್ಲದ್ದು. ಓಟದವರಿಗೆ ಬೀಟ್‌ರೂಟ್, ಆದರೆ ಫಿಸಿಕಲ್ ಟೆಸ್ಟ್ ದಿನವೇ ಮೊದಲ ಸಲ ಕುಡಿಯಬೇಡಿ, ಹೊಟ್ಟೆ ಕೈಕೊಟ್ಟರೆ ಕಷ್ಟ. ಪಂದ್ಯ ಆಡುವವರಿಗೆ ಬ್ಯಾಚ್ ಪರೀಕ್ಷೆ ಆಗದ ಯಾವ ಪುಡಿಯೂ ಬೇಡ. ಬಿಪಿ, ಎದೆಬಡಿತದ ತೊಂದರೆ, ಆತಂಕದ ಕಾಯಿಲೆಗೆ ಮಾತ್ರೆ ಇರುವವರು, ಬಸುರಿಯರು, ಹದಿನೆಂಟು ತುಂಬದವರು ಡಬ್ಬದ ಹತ್ತಿರ ಹೋಗಲೇಬೇಡಿ. ಬಸುರಿಯರಿಗೆ ಕಾಫಿ ಟೀ ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೇಲ್ಮಿತಿ. ಸಿಪ್ರೊಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯೋಟಿಕ್ ಕೋರ್ಸ್ ನಡೆಯುತ್ತಿದ್ದರೆ ಅಷ್ಟು ದಿನ ಕೆಫೀನ್ ಕಮ್ಮಿ ಮಾಡಿ, ಆ ಮಾತ್ರೆ ಕೆಫೀನನ್ನು ಮೈಯಲ್ಲೇ ಹಿಡಿದಿಡುತ್ತದೆ.

ಡಬ್ಬ ಆಗಲೇ ಕೊಂಡಾಗಿದೆ, ದುಡ್ಡು ದಂಡ ಮಾಡಲು ಮನಸ್ಸಿಲ್ಲ ಅನ್ನುವವರು ಕೆಫೀನ್ ಎಷ್ಟು ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಅರ್ಧ ಸ್ಕೂಪ್‌ನಿಂದ ಶುರು ಮಾಡಿ, ಆ ದಿನ ಬೇರೆ ಕಾಫಿ ಟೀ ಬಿಡಿ, ವಾರದಲ್ಲಿ ಭಾರದ ಕಸರತ್ತು ಇರುವ ಎರಡು ಮೂರು ದಿನಕ್ಕೆ ಮಾತ್ರ ಇಟ್ಟುಕೊಳ್ಳಿ. ಎದೆ ಹಿಡಿದ ಹಾಗಾದರೆ, ಬಡಿತ ತಪ್ಪಿದ ಹಾಗೆ ಅನ್ನಿಸಿದರೆ, ಕಣ್ಣು ಹಳದಿಯಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಡಬ್ಬವನ್ನು ಮನೆಯಲ್ಲಿ ಬಿಡಬೇಡಿ, ಅಥವಾ ಹಿಂದಿನ ಲೇಬಲ್‌ನ ಫೋಟೋ ಆದರೂ ಮೊಬೈಲಿನಲ್ಲಿ ಇರಲಿ.